ಭಾನುವಾರದ ಅಪ್ ಪಾಸ್

"ಎಂತ ಮಾರಾಯ್ರೆ ಇದು! ಆಂಟೆನಾ ಉಲ್ಟಾ ಹಿಡಿದಿದ್ದೀರಲ್ಲ!"

ಬೆನ್ನ ಹಿಂದಿನಿಂದ ಬಂದ ಗಂಡುದನಿಗೆ ನೀಲಾಂಬಿಕಾ ಬೆಚ್ಚಿದಳು. ತಿರುಗಿ ನೋಡಿದರೆ... ನಾಲ್ಕು ಮಹಡಿ ಹತ್ತಿದ ಏದುಸಿರು ಇನ್ನೂ ಇಳಿದಿಲ್ಲ, ಆಗಲೇ ತಪ್ಪು ಹುಡುಕುತ್ತ ನಿಂತಿರುವ ಎತ್ತರದ ಯುವಕ! ಹೆಗಲಲ್ಲಿ ಚೀಲ, ಕೈಯಲ್ಲಿ ಯಾವುದೋ ಇಂಗ್ಲಿಷ್ ರೇಡಿಯೋ ಪತ್ರಿಕೆ.

ಗುರುತಿಲ್ಲ, ಪರಿಚಯವಿಲ್ಲ. ಬಂದವನೇ ಬೈಯುತ್ತಾನಲ್ಲ!

"ಯಾರ್ರೀ ನೀವು?"

"ಮಧ್ವರಾಜ. ಠಾಣೆ ಊರಿಂದ ಬಂದದ್ದು. ಅದಿರಲಿ, ಉಪಗ್ರಹ ಬರ್ಲಿಕ್ಕೆ ಇನ್ನು ಎರಡೇ ನಿಮಿಷ ಉಂಟು. ಬೋರ್ಡಿನಲ್ಲಿ ನೀವೇ ಅಪ್ ಪಾಸ್ ಅಂತ ಬರೆದಿದ್ದೀರಿ. ಅಪ್ ಅಂದ್ರೆ ದಕ್ಷಿಣದಿಂದ ಉತ್ತರಕ್ಕೆ ಏರುವುದು. ನೀವು ನೋಡಿದ್ರೆ ಉತ್ತರಕ್ಕೆ ಮುಖ ಮಾಡಿ ನಿಂತಿದ್ದೀರಿ!"

"ಅಪ್ ಅಂದ್ರ ಮುಂಬೈ ಕಡೆ ಹೋಗೂದು," ನೀಲಾ ಹುಬ್ಬು ಗಂಟಿಕ್ಕಿದಳು. "ಕಲ್ಯಾಣದ ಕಡಿಂದ ಬರ್ತದ, ವಿ.ಟಿ. ಕಡಿಗೆ ಹೋಗ್ತದ. ಉತ್ತರದಿಂದ ದಕ್ಷಿಣಕ್ಕ. ಡೊಂಬಿವಲ್ಯಾಗ ಹುಟ್ಟಿದ ಕೂಸಿಗೂ ಇದು ಗೊತ್ತದ."

"ಇದು ಲೋಕಲ್ ಗಾಡಿ ಅಲ್ಲ ಮಾರಾಯ್ರೆ!"

ಸುತ್ತ ನಿಂತಿದ್ದ ಕ್ಲಬ್ಬಿನವರೆಲ್ಲ ಗೊಳ್ಳೆಂದು ನಕ್ಕರು. ನೀಲಾಳ ಕಿವಿ ಬಿಸಿಯಾಯಿತು. ಆದರೂ ಆಂಟೆನಾವನ್ನು ಒಂದಿಂಚು ಕದಲಿಸಲಿಲ್ಲ. ಅಲ್ಯೂಮಿನಿಯಂ ಪರದೆ ಕಡ್ಡಿಗಳನ್ನು ಕತ್ತರಿಸಿ ಅವಳೇ ಮಾಡಿದ ಆಂಟೆನಾ ಅದು.

ಒಂದು ನಿಮಿಷ... ಎರಡು ನಿಮಿಷ...

ಮೇಜಿನ ಮೇಲಿದ್ದ ರಿಸೀವರಿನ ಗೊರಗೊರದ ನಡುವೆ ಸಣ್ಣಗೆ, ದೂರದಿಂದ, ಮೋರ್ಸ್ ಸಂಕೇತದ ಚಿಲಿಪಿಲಿ ಕೇಳಿಸಿತು. ಕ್ರಮೇಣ ಗಟ್ಟಿಯಾಯಿತು.

ಉತ್ತರದಿಂದಲೇ!

ಎಲ್ಲರೂ ಚಪ್ಪಾಳೆ ಹೊಡೆದರು. ಮಧ್ವರಾಜನ ಮುಖ ನೋಡಬೇಕಿತ್ತು! ಆದರೆ ಸೋಲೊಪ್ಪುವ ಆಸಾಮಿಯೇ ಅವನು?

"ಬಂದದ್ದು ಸರಿ. ಹೆಸರು ತಪ್ಪು."

"ಹೆಸರು ಸರಿ ಅದ. ನಿಮ್ಮ ಪುಸ್ತಕ ತಪ್ಪು!"

ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದರು. ಮೊದಲು ಕಣ್ಣು ಕೆಳಗಿಳಿಸಿದ್ದು ಅವನೇ... ಯಾಕೆಂದು ಅವನಿಗೂ ತಿಳಿಯಲಿಲ್ಲ.

ಇದು ನಡೆದದ್ದು 1982ರ ಫೆಬ್ರವರಿಯಲ್ಲಿ, ಡೊಂಬಿವಲಿ ಪೂರ್ವದ ಒಂದು ಕಟ್ಟಡದ ಟೆರೇಸಿನ ಮೇಲೆ. ಸೇರಿದ್ದವರೆಲ್ಲ ಹ್ಯಾಮ್ ರೇಡಿಯೋ ಹುಚ್ಚಿನವರು. ಲೈಸೆನ್ಸ್ ಪಡೆದು, ತಾವೇ ಕಟ್ಟಿಕೊಂಡ ಯಂತ್ರಗಳಲ್ಲಿ ಜಗತ್ತಿನ ಜೊತೆ ಹರಟುವ ಹವ್ಯಾಸಿಗಳು. ಇವರಂಥವರಿಗಾಗಿಯೇ ರಷ್ಯಾದವರು ಎರಡು ತಿಂಗಳ ಹಿಂದೆ ಪುಟ್ಟ ಉಪಗ್ರಹಗಳನ್ನು ಹಾರಿಸಿದ್ದರು. ಕೆಳಗಿನಿಂದ ಕಳಿಸಿದ ಸದ್ದನ್ನು ಹಿಡಿದು ಅವು ಮತ್ತೆ ಭೂಮಿಗೇ ಕಳಿಸುತ್ತಿದ್ದವು. ಒಂದು 'ಪಾಸ್', ಅಂದರೆ ಒಂದು ಸಲ ತಲೆಯ ಮೇಲೆ ಹಾದು ಹೋಗಲು, ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷದಲ್ಲಿ ಆಡಿದ್ದೇ ಮಾತು!

ಹವ್ಯಾಸ ಒಂದೇ. ಆದರೆ ಭಾಷೆ? ರಾಮ ರಾಮಾ!

ಒಬ್ಬರು 'ಪಾಸ್' ಎಂದದ್ದು ಇನ್ನೊಬ್ಬರಿಗೆ 'ಸುತ್ತು', ಮತ್ತೊಬ್ಬರಿಗೆ 'ಫೇರಿ'. ಠಾಣೆಯ ಓದುಗ ಮಂದಿಗೆ ದಕ್ಷಿಣದಿಂದ ಏರಿ ಬರುವುದು ಅಪ್. ಡೊಂಬಿವಲಿ, ಕಲ್ಯಾಣದ ರೈಲ್ವೆ ಮಂದಿಗೆ ಮುಂಬೈ ಕಡೆ ಇಳಿಯುವುದೇ ಅಪ್. ಪ್ರತಿ ಸಭೆಯಲ್ಲೂ ಜಗಳ, ಪ್ರತಿ ಜಗಳದ ಕೊನೆಗೂ ಚಹಾ. ಟಿಟ್ವಾಳಾದ ಕಿಟ್ಟಣ್ಣ ಮಾತ್ರ ಯಾವ ಪಕ್ಷಕ್ಕೂ ಸೇರುತ್ತಿರಲಿಲ್ಲ. ತಂತಿ ಇಲಾಖೆಯಿಂದ ನಿವೃತ್ತರಾದ ಅವರು ರೇಡಿಯೋದಲ್ಲಿ ಎಂದೂ ಮಾತಾಡಿದವರಲ್ಲ. ಮೂರು ಹೊತ್ತೂ ಕಿವಿಗೊಟ್ಟು ಕೇಳುವುದು, ಕೇಳಿದ್ದನ್ನು ದಪ್ಪ ನೋಟ್‌ಬುಕ್ಕಿನಲ್ಲಿ ಬರೆಯುವುದು, ಅಷ್ಟೇ.

ನೀಲಾಳಿಗೆ ಈ ಹುಚ್ಚು ಬಂದದ್ದು ಅಪ್ಪನಿಂದ. ಬಿಜಾಪುರದಿಂದ ಬಂದ ಶಿವಪುತ್ರಪ್ಪ ಮೂವತ್ತು ವರ್ಷದಿಂದ ಕಲ್ಯಾಣದ ರೈಲ್ವೆ ಸಿಗ್ನಲ್ ಕ್ಯಾಬಿನ್ನಿನಲ್ಲಿ ಕೆಲಸಕ್ಕಿದ್ದರು. ಮಗಳಿಗೆ ಅಕ್ಷರದ ಜೊತೆಗೇ ಮೋರ್ಸ್ ಕಲಿಸಿದ್ದರು. ಮಗಳು ಈಗ ಡೊಂಬಿವಲಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತುತ್ತಿದ್ದಳು.

ಜಗಳ ಮುಂದುವರಿಯಿತು. ಮತ್ತು ಜಗಳವಾಡಲೆಂದೇ ಪ್ರತಿ ಭಾನುವಾರ ಠಾಣೆಯಿಂದ ಲೋಕಲ್ ಹಿಡಿದು ಒಬ್ಬ ಬರತೊಡಗಿದ!

ಠಾಣೆಯಲ್ಲಿ ಟೆಲಿಫೋನ್ ಮೆಕ್ಯಾನಿಕ್ ಆಗಿದ್ದ ಮಧ್ವರಾಜ ಮಲ್ಪೆ ಕಡಲ ಮನೆತನದವನು. ಒರಟು ಎಂದುಕೊಂಡಿದ್ದ ಆ ಮಾತಿನ ಹಿಂದೆ ಎಷ್ಟು ಮೆದು ಮನಸ್ಸಿದೆ ಎಂದು ನೀಲಾಳಿಗೆ ಗೊತ್ತಾದದ್ದು ಏಪ್ರಿಲ್‌ನಲ್ಲಿ. ಅವಳ ಟ್ರಾನ್ಸ್‌ಮಿಟರ್ ಸುಟ್ಟುಹೋದಾಗ, ತನ್ನದರಲ್ಲಿದ್ದ ಟ್ರಾನ್ಸಿಸ್ಟರನ್ನೇ ಕಿತ್ತು ತಂದು ಕೂರಿಸಿದ್ದ.

"ನಿಮ್ಮದು?"

"ನನ್ನದು ಸ್ವಲ್ಪ ದಿನ ಮೌನವ್ರತ ಮಾಡ್ತದೆ."

ಆ ಸಂಜೆ ಅವಳು ಅವನಿಗೆ ಅಪ್ಪನ ಕ್ಯಾಬಿನ್ನಿನ ಕಥೆ ಹೇಳಿದ್ದಳು. "ಒಂದು ಗಾಡಿ ಬಿಡೂ ಮೊದಲ ಮುಂದಿನ ಸ್ಟೇಷನ್ನಿಗೆ ಕೇಳ್ಬೇಕ್ರಿ, 'ಲೈನ್ ಕ್ಲಿಯರ್?' ಅಂತ. ಅವರು 'ಲೈನ್ ಕ್ಲಿಯರ್' ಅಂದ್ರನ ಗಾಡಿ ಬಿಡೂದು. ಇಲ್ಲಾಂದ್ರ ಎಷ್ಟ ಅವಸರ ಇದ್ರೂ ನಿಂದ್ರಬೇಕು."

"ಎಷ್ಟು ಹೊತ್ತು?"

"ಉತ್ತರ ಬರೂತನಕ."

ಅವನು ಅವಳನ್ನೇ ನೋಡಿದ.

ಠಾಣೆಗೂ ಡೊಂಬಿವಲಿಗೂ ನಡುವೆ ಪಾರ್ಸಿಕ್ ಗುಡ್ಡ ಅಡ್ಡ ಕೂತಿದೆ. ಅವರ ಪುಟ್ಟ ಯಂತ್ರಗಳ ಸದ್ದು ಅದನ್ನು ದಾಟುತ್ತಿರಲಿಲ್ಲ. ದಾಟಿಸುತ್ತಿದ್ದದ್ದು ಆಕಾಶದ ಆ ಒಬ್ಬನೇ ಗೆಳೆಯ. ಗುಡ್ಡದ ಆಚೆಯ ಮಾತು ಸಾವಿರಾರು ಮೈಲಿ ಸುತ್ತಿ ಬಂದು ನೀಲಾಳ ಕಿವಿಗೆ ಬೀಳುತ್ತಿತ್ತು. ಮೋರ್ಸ್ ಬಡಿಯುವಾಗ ಕೊನೆಯ ಗೆರೆಯನ್ನು ಒಂದಿಷ್ಟು ಎಳೆಯುವುದು ಅವಳ ಅಭ್ಯಾಸ. ನೂರು ಜನರ ನಡುವೆಯೂ ಅವಳ ಕೈ ತನಗೆ ಗೊತ್ತಾಗುತ್ತದೆ ಎನ್ನುತ್ತಿದ್ದ ಅವನು.

ಇಬ್ಬರೂ ಬಾಯಿಬಿಟ್ಟು ಏನನ್ನೂ ಹೇಳಿರಲಿಲ್ಲ. ಹೇಳುವುದಾದರೂ ಹೇಗೆ? ಲಿಂಗಾಯತರ ಮನೆಯ ಹುಡುಗಿ, ಮೀನು ತಿನ್ನುವ ಕಡಲ ಹುಡುಗ...

ಹೀಗೇ ನವೆಂಬರ್ ಬಂತು.

ಆ ಶನಿವಾರ ಸಂಜೆ ಡೊಂಬಿವಲಿ ಸ್ಟೇಷನ್ನಿನಲ್ಲಿ ಅವನು ಬೀಳ್ಕೊಳ್ಳುವಾಗ ಮುಖ ಬಾಡಿತ್ತು.

"ನನಗೆ ಪೋರ್ಟ್ ಬ್ಲೇರ್‌ಗೆ ವರ್ಗ ಬಂದಿದೆ. ಮೂರು ವರ್ಷ. ಒಪ್ಪಿಗೆ ಉಂಟಾ ಇಲ್ವಾ ಅಂತ ಸೋಮವಾರ ಹತ್ತು ಗಂಟೆಗೆ ಬರೆದು ಕೊಡ್ಬೇಕು."

ನೀಲಾ ಅವನತ್ತ ತಿರುಗಿದಳು. "ಮತ್ತ... ಏನ್ ಬರೀತೀರಿ?"

"ಅದು ನಿಮ್ಮ ಕೈಯಲ್ಲಿ ಉಂಟು." ಅಷ್ಟರಲ್ಲಿ ಗಾಡಿ ಬಂತು. ಜನ ನುಗ್ಗಿದರು. ಬಾಗಿಲಿನ ಕಂಬ ಹಿಡಿದು ತಿರುಗಿ ಅವನು ಕೂಗಿದ. "ನಾಳೆ ಅಪ್ ಪಾಸ್! ನಾನು ಕರೀತೇನೆ. ನೀವು ಉತ್ತರ ಕೊಟ್ರೆ ನಿಮ್ಮಪ್ಪನ ಎದುರಿಗೆ ಬಂದು ಕೂರ್ತೇನೆ. ಇಲ್ಲದಿದ್ರೆ... ನಿಮಗೆ ಮತ್ತೆ ತೊಂದರೆ ಕೊಡುದಿಲ್ಲ!"

ಗಾಡಿ ಹೋಯಿತು. ನೀಲಾ ಪ್ಲಾಟ್‌ಫಾರ್ಮಿನ ಮೇಲೆ ನಿಂತೇ ಇದ್ದಳು. ಅಳು, ನಗು ಎರಡೂ ಒಟ್ಟಿಗೆ ಬಂದವು. ಇಷ್ಟು ದಿನ ಯಾಕೆ ಹೇಳಲಿಲ್ಲ ಮಹಾರಾಯ!

ನಾಳೆ ಅಪ್ ಪಾಸ್. ಸಂಜೆ ಆರು ಐವತ್ತು.

ಭಾನುವಾರ ಬೆಳಿಗ್ಗೆಯೇ ಎದ್ದು ತಲೆಸ್ನಾನ ಮಾಡಿ ಅವಳು ಟಿಟ್ವಾಳಾದ ಗಣಪತಿ ಗುಡಿಗೆ ಹೋದಳು. ಕೈಮುಗಿದು, ಬೇಡಬೇಕಾದ್ದನ್ನು ಬೇಡಿಕೊಂಡಳು. ಮನೆಗೆ ಬಂದು ಮಧ್ಯಾಹ್ನವಿಡೀ ಗಡಿಯಾರ ನೋಡಿದಳು.

"ಏನs ಇದು, ದಿನಾ ಪಾಸ್ ಪಾಸ್ ಅಂತಿ. ನಿನ್ನ ರೈಲ್ವೆ ಪಾಸ್ ಮುಗದಿತ್ತೇನು?" ಎಂದರು ತಾಯಿ ಕಲ್ಲವ್ವ.

"ಹೂಂ ಯವ್ವಾ, ಇವತ್ತ ಹೊಸಾದು ತಗೋತೀನಿ!" ಎಂದು ನಕ್ಕು ಟೆರೇಸಿಗೆ ಓಡಿದಳು.

ಆರು ಐವತ್ತು. ದಕ್ಷಿಣಕ್ಕೆ ಆಂಟೆನಾ ತಿರುಗಿಸಿದಳು. ಉಪಗ್ರಹದ ಸದ್ದು ಬಂತು. ಬೇರೆ ಬೇರೆ ದೇಶದವರ ಚಿಲಿಪಿಲಿ ಬಂತು. ಅವನ ಕರೆ...?

ಬರಲಿಲ್ಲ.

ತಡೆಯಲಾರದೆ ತಾನೇ ಕರೆದಳು. ಒಂದು ಸಲ. ಎರಡು ಸಲ. ಹತ್ತು ಸಲ. ಬೆರಳು ನೋಯುವವರೆಗೆ ಕರೆದಳು. ಇಪ್ಪತ್ತು ನಿಮಿಷ ಮುಗಿದು, ಸದ್ದು ಉತ್ತರದಲ್ಲಿ ಸಣ್ಣಗಾಗಿ, ಬರಿ ಗೊರಗೊರ ಉಳಿಯಿತು.

'ತಾವೇ ಕೇಳಿದರು... ತಾವೇ ಬರಲಿಲ್ಲ! ರಾತ್ರಿ ಕಳೆಯುವುದರೊಳಗೆ ಮನಸ್ಸು ಬದಲಾಯಿತೇ? ಪೋರ್ಟ್ ಬ್ಲೇರ್ ಅಷ್ಟು ಚೆಂದವೇ?'

ನೀಲಾ ಅಲ್ಲೇ ನೀರಿನ ಟ್ಯಾಂಕಿಗೆ ಒರಗಿ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಪಾಪ, ಅವಳಿಗೇನು ಗೊತ್ತು? ಅದೇ ಹೊತ್ತಿನಲ್ಲಿ ಗುಡ್ಡದ ಆಚೆ ಠಾಣೆಯಲ್ಲಿ ಒಬ್ಬ ತನ್ನ ಯಂತ್ರವನ್ನು ಆರಿಸಿ, ಗೋಡೆಗೆ ಮುಖ ಮಾಡಿ ಮಲಗಿದ್ದ.

ಸೋಮವಾರ ಬೆಳಿಗ್ಗೆ ಏಳೂವರೆ. ಶಿವಪುತ್ರಪ್ಪ ಚಹಾ ಕುಡಿಯುತ್ತ ಕೂತಿದ್ದರು. ಬಾಗಿಲು ಬಡಿದ ಸದ್ದಾಯಿತು. ನೀಲಾ ತೆರೆದರೆ, ಕಂಕುಳಲ್ಲಿ ದಪ್ಪ ನೋಟ್‌ಬುಕ್ ಇಟ್ಟುಕೊಂಡ ಕಿಟ್ಟಣ್ಣ! ಟಿಟ್ವಾಳಾ ಲೋಕಲ್ ಹಿಡಿದು ಬಂದಿದ್ದರು.

"ಎಂತ ಮಗಾ, ನಿಮ್ಮಿಬ್ಬರ ಕಣ್ಣಾಮುಚ್ಚಾಲೆ? ನನಗೆ ನಿದ್ದೆ ಬರ್ಲಿಲ್ಲ!" ಕಿಟ್ಟಣ್ಣ ಕೂರುವ ಮೊದಲೇ ನೋಟ್‌ಬುಕ್ ತೆರೆದರು. "ನೋಡು. ಭಾನುವಾರ ಬೆಳಿಗ್ಗೆ ಎಂಟು ನಲವತ್ತು, ಉತ್ತರದಿಂದ ದಕ್ಷಿಣಕ್ಕೆ. ಮಧ್ವರಾಜ ನಿನ್ನನ್ನು ಕರೆದದ್ದು ಇಪ್ಪತ್ತೆರಡು ಸಲ. ಉತ್ತರ ಇಲ್ಲ. ಭಾನುವಾರ ಸಂಜೆ ಆರು ಐವತ್ತು, ದಕ್ಷಿಣದಿಂದ ಉತ್ತರಕ್ಕೆ. ನೀನು ಅವನನ್ನು ಕರೆದದ್ದು ಹತ್ತೊಂಬತ್ತು ಸಲ. ಉತ್ತರ ಇಲ್ಲ!"

ನೀಲಾ ಆ ಮೊದಲ ಸಾಲಿನ ಮೇಲೆ ಬೆರಳಿಟ್ಟಳು.

"ಮುಂಜಾನೆ ಕರದ್ರಾ? ಯಾಕ? ಅವರ ಅಪ್ ಪಾಸ್ ಸಂಜೀದಲ್ಲೇನು? ಅವರ ಪುಸ್ತಕದ ಪ್ರಕಾರ ಏರೂದ ಅಪ್. ಅದಕ್ಕs ನಾ ಅವರ ಲೆಕ್ಕ ಹಿಡದು ಸಂಜೀಕ..."

ಅವಳಿಗೆ ಅಲ್ಲೇ ಹೊಳೆಯಿತು.

ಬೆಳಿಗ್ಗೆಯ ಪಾಸ್. ಮುಂಬೈ ಕಡೆಗೆ ಹೋಗುವುದು. ಡೊಂಬಿವಲಿಯ ಕೂಸಿಗೂ ಗೊತ್ತಿರುವ ಅಪ್.

ಅದು ಅವಳ ಮಾತು!

ಅವನು ಅವಳ ಮಾತಿನಲ್ಲಿ ಕರೆದಿದ್ದ. ಅವಳು ಅವನ ಮಾತಿನಲ್ಲಿ ಕೇಳಿಸಿಕೊಂಡಿದ್ದಳು!

ಒಂಬತ್ತು ತಿಂಗಳು ಒಂದು ಪದಕ್ಕಾಗಿ ಕಿತ್ತಾಡಿದವರು, ಒಬ್ಬರಿಗೊಬ್ಬರು ಹೇಳದೆಯೇ ಇನ್ನೊಬ್ಬರ ಪದವನ್ನು ತಮ್ಮದಾಗಿಸಿಕೊಂಡಿದ್ದರು. ಅವಳು ಅವನ ಇಂಗ್ಲಿಷ್ ಪತ್ರಿಕೆಯನ್ನು ನಿಘಂಟು ಇಟ್ಟುಕೊಂಡು ಓದಿದ್ದಳು. ಅವನು ಲೋಕಲ್ ಗಾಡಿಯಲ್ಲಿ ರೈಲ್ವೆ ಮಂದಿಯ ಪಕ್ಕ ಕೂತು, ಅಪ್ ಯಾವುದು ಡೌನ್ ಯಾವುದು ಎಂದು ಬಾಯಿಪಾಠ ಮಾಡಿದ್ದ. ಪ್ರೀತಿ ಅಂದರೆ ಇದೇ ಅಲ್ಲವೇ? ಆದರೆ ಒಂದು ಮಾತು ಮೊದಲೇ ಹೇಳಬಾರದಿತ್ತೇ, ಹುಚ್ಚು ಮಕ್ಕಳೇ!

"ಎಂಥಾ ಕರೆ? ಯಾರಂವ?"

ಶಿವಪುತ್ರಪ್ಪನವರ ದನಿ. ಕಿಟ್ಟಣ್ಣ ನಾಲಿಗೆ ಕಚ್ಚಿಕೊಂಡರು.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ನೀಲಾ ಅಪ್ಪನ ಎದುರು ನಿಂತಳು.

"ಅಪ್ಪಾ, ಠಾಣೆದ ಮಧ್ವರಾಜ. ನಮ್ಮ ಟೆರೇಸಿಗೆ ಬರ್ತಾರಲ್ಲ, ಅವರು. ನಿಮ್ಮ ಮುಂದ ಬಂದು ನನ್ನ ಕೇಳ್ಬೇಕಂತ ಮಾಡ್ಯಾರ. ನನಗೂ ಅವರ ಬೇಕು. ಹತ್ತು ಗಂಟೆದಾಗ ನನ್ನ ಉತ್ತರ ಮುಟ್ಟಲಿಲ್ಲಂದ್ರ ಅಂಡಮಾನಕ್ಕ ಹೊಂಟುಹೋಗ್ತಾರ."

"ಮೀನ ತಿನ್ನೂ ಮಂದಿ ಅವರು," ಎಂದರು ಶಿವಪುತ್ರಪ್ಪ.

"ಹೌದ್ರಿ ಅಪ್ಪಾ."

"ನಮ್ಮ ಮಂದಿ ಅಲ್ಲ."

"ಅಲ್ಲರಿ ಅಪ್ಪಾ."

ಅವರು ಮಗಳ ಮುಖ ನೋಡಿದರು. ರಾತ್ರಿಯಿಡೀ ಅತ್ತು ಊದಿದ ಕಣ್ಣು. ಈ ಕೂಸು ಮೂರು ವರ್ಷದವಳಿದ್ದಾಗ ಕ್ಯಾಬಿನ್ನಿನಲ್ಲಿ ತನ್ನ ತೊಡೆಯ ಮೇಲೆ ಕೂತು ಗಂಟೆ ಬಡಿಯಲು ಹಟ ಮಾಡುತ್ತಿದ್ದದ್ದು ಅವರಿಗೆ ನೆನಪಾಯಿತು.

"ಅಂವಾ ಒಳಗ ಎಂಥಾಂವ ಕಿಟ್ಟಣ್ಣಾ?"

"ಶಿವಪುತ್ರಪ್ಪನವರೇ, ನಾನು ಮಾತಾಡುವವನಲ್ಲ, ಕೇಳುವವ. ಆ ಹುಡುಗನ ಮಾತು ಎಂಟೊಂಬತ್ತು ತಿಂಗಳಿಂದ ಕೇಳಿದ್ದೇನೆ. ಒಂದು ಹಗುರ ಮಾತು ನನ್ನ ನೋಟ್‌ಬುಕ್ಕಿನಲ್ಲಿ ಇಲ್ಲ."

ಒಳಗಿನಿಂದ ಕಲ್ಲವ್ವ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದರು. "ಯಾಕ ಸುಮ್ಮ ಕುಂತೀರಿ? ಹುಡುಗಿ ಮಾರಿ ನೋಡ್ರಿ ಸ್ವಲ್ಪ!"

ಶಿವಪುತ್ರಪ್ಪ ಎದ್ದರು. ಗಡಿಯಾರ ನೋಡಿದರು.

"ಮೂವತ್ತ ವರ್ಷದಾಗ ಕಾರಣ ಇಲ್ದ ಒಂದು ಗಾಡಿ ನಾ ಸಿಗ್ನಲ್‌ನ್ಯಾಗ ನಿಂದ್ರಿಸಿಲ್ಲ. ಮುಂದಿನ ಪಾಸ್ ಎಷ್ಟಕ್ಕದ?"

"ಎಂಟು... ಎಂಟು ಇಪ್ಪತ್ತೈದಕ್ಕ ಅಪ್ಪಾ!"

"ನಡಿ ಮ್ಯಾಲೆ. ಲೈಸೆನ್ಸ್ ನಿಂದು, ಕೈ ನಿಂದು. ಮಾತು ಮಾತ್ರ ನಂದು. ನಾ ಹೇಳಿದ್ದs ಬಡಿಬೇಕು."

ನೀಲಾ ಮೆಟ್ಟಿಲು ಹತ್ತಲಿಲ್ಲ, ಹಾರಿದಳು!

ಅದೇ ಹೊತ್ತಿಗೆ ಠಾಣೆಯ ಟೆರೇಸಿನ ಮೇಲೆ ಮಧ್ವರಾಜ ಸ್ಪ್ಯಾನರ್ ಹಿಡಿದು ತನ್ನ ಆಂಟೆನಾ ಬಿಚ್ಚುತ್ತಿದ್ದ. ಅಂಗಿಯ ಜೇಬಿನಲ್ಲಿ ಆಫೀಸಿನ ಕಾಗದ. 'ಒಪ್ಪಿಗೆ ಇದೆ', 'ಒಪ್ಪಿಗೆ ಇಲ್ಲ' ಎಂಬ ಎರಡು ಸಾಲುಗಳಲ್ಲಿ ಒಂದನ್ನು ಹೊಡೆದುಹಾಕಿ ಕೊಡಬೇಕು. ಯಾವುದೆಂದು ನಿನ್ನೆಯೇ ನಿರ್ಧಾರವಾಗಿತ್ತು. ರಿಸೀವರ್ ಮಾತ್ರ ಇನ್ನೂ ಹಾಕಿತ್ತು. ಕೊನೆಯ ಸಲ ಕೇಳಿಬಿಡೋಣ ಎಂದು... ಅಷ್ಟೇ.

ಎಂಟು ಇಪ್ಪತ್ತೈದು. ಉತ್ತರದಿಂದ ಸದ್ದು ಬಂತು. ಅದರ ನಡುವೆ ಯಾರೋ ಯಾರನ್ನೋ ಕರೆಯುತ್ತಿದ್ದರು.

ಅವನ ಕೈ ನಿಂತಿತು.

ತನ್ನದೇ ಕರೆಸಂಕೇತ! ಕೊನೆಯ ಗೆರೆ ಒಂದಿಷ್ಟು ಎಳೆದು...

ನೀಲಾ!

ಹಿಂದೆಯೇ ಎರಡು ಪದಗಳು ಬಂದವು. ಮತ್ತೆ ಮತ್ತೆ ಅವೇ ಎರಡು ಪದಗಳು.

ಲೈನ್ ಕ್ಲಿಯರ್. ಲೈನ್ ಕ್ಲಿಯರ್.

ಸ್ಪ್ಯಾನರ್ ಠಣ್ಣೆಂದು ಕೆಳಗೆ ಬಿತ್ತು. ಉತ್ತರ ಕೊಡಬೇಕು! ಆಂಟೆನಾ ಅರ್ಧ ಬಿಚ್ಚಿದೆ! ಉಳಿದಿದ್ದ ಒಂದು ಕಡ್ಡಿಗೆ ತಂತಿ ಸುತ್ತಿ, ಎಡಗೈಯಲ್ಲಿ ಅದನ್ನು ಆಕಾಶಕ್ಕೆ ಎತ್ತಿ ಹಿಡಿದು, ಬಲಗೈಯಿಂದ ಬಡಿದ. ನಾಲ್ಕು ನಿಮಿಷ ಏನೂ ಮೇಲೆ ಮುಟ್ಟಲಿಲ್ಲ. ತೋಳು ಸೋತಿತು. ಅವನು ಬಿಡಲಿಲ್ಲ.

ಡೊಂಬಿವಲಿಯಲ್ಲಿ ಮೂವರು ಹಿರಿಯರು ಉಸಿರು ಬಿಗಿಹಿಡಿದು ನಿಂತಿದ್ದರು. ನೀಲಾ ಕಿವಿಗೆ ಹೆಡ್‌ಫೋನ್ ಒತ್ತಿಕೊಂಡಿದ್ದಳು. ಹನ್ನೊಂದನೆಯ ನಿಮಿಷಕ್ಕೆ, ಸೊಳ್ಳೆಯ ದನಿಯಷ್ಟು ಸಣ್ಣಗೆ...

"ಬಂತು!" ಅವಳು ಚೀರಿದಳು. "ಅಪ್ಪಾ, ಬಂತು! ಕೇಳಾಕತ್ಯಾರ... ಯಾವ ಲೈನು, ಅಪ್ಪೋ ಡೌನೋ ಅಂತ!"

ಶಿವಪುತ್ರಪ್ಪ ಮೀಸೆಯೊಳಗೇ ನಕ್ಕರು. ಕಣ್ಣಂಚು ಒದ್ದೆಯಾಗಿತ್ತು.

"ಎರಡೂ ಕ್ಲಿಯರ್ ಅಂತ ಹೇಳು. ಮತ್ತ ಮನ್ಯಾಗ ಮೀನ ಬರಂಗಿಲ್ಲ ಅಂತನೂ ಹೇಳು."

ನೀಲಾ ಮೊದಲನೆಯದನ್ನು ಮಾತ್ರ ಬಡಿದಳು. ಎರಡನೆಯದಕ್ಕೆ ಸಮಯವಿರಲಿಲ್ಲ. ಉಪಗ್ರಹ ದಕ್ಷಿಣಕ್ಕೆ ಜಾರುತ್ತಿತ್ತು, ಅವಳ ಕಣ್ಣೀರಿನಲ್ಲಿ ಗುಂಡಿ ಕಾಣುತ್ತಿರಲಿಲ್ಲ. ಹೋಗುವ ಮುನ್ನ ಅವನ ಕೊನೆಯ ಮಾತು ಮುಟ್ಟಿತು. "ಡೌನ್ ಲೋಕಲ್‌ಗೆ ಬರ್ತೇನೆ. ರೈಲಿನ ಡೌನ್!"

ಕಿಟ್ಟಣ್ಣ ನೋಟ್‌ಬುಕ್ ತೆರೆದು ಗಂಟೆ ನಿಮಿಷ ಸಮೇತ ಎಲ್ಲವನ್ನೂ ಬರೆದುಕೊಂಡರು. ಉತ್ತರ ಬಂದಿದೆಯೇ ಎಂಬ ಕಾಲಮಿನಲ್ಲಿ 'ಉಂಟು' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದರು.

ಒಂಬತ್ತೂ ಕಾಲಿಗೆ ಡೌನ್ ಲೋಕಲ್ ಡೊಂಬಿವಲಿಗೆ ಬಂತು. ಆಫೀಸಿಗೆ ಹೋಗುವವರೆಲ್ಲ ಎದುರು ಪ್ಲಾಟ್‌ಫಾರ್ಮಿನಲ್ಲಿ ಕಿಕ್ಕಿರಿದಿದ್ದರು. ಇತ್ತ ಇಳಿದವರು ಬೆರಳೆಣಿಕೆಯ ಮಂದಿ. ಅವರಲ್ಲಿ ಒಬ್ಬ, ತಲೆ ಕೆದರಿಕೊಂಡು, ಕೈಯಲ್ಲಿ ಮೂರಡಿ ಅಲ್ಯೂಮಿನಿಯಂ ಕಡ್ಡಿ ಹಿಡಿದುಕೊಂಡೇ ಇಳಿದ!

"ಅದನ್ಯಾಕ ತಂದ್ರಿ?" ನೀಲಾ ನಗುತ್ತ, ಅಳುತ್ತ ಕೇಳಿದಳು.

ಅವನು ಆಗಲೇ ಕಡ್ಡಿಯನ್ನು ನೋಡಿದ್ದು. "ಅಯ್ಯೋ! ಕೆಳಗಿಡ್ಲಿಕ್ಕೆ ಮರೆತುಹೋಯ್ತು." ನಂತರ ಜೇಬಿನಿಂದ ಕಾಗದ ತೆಗೆದು ತೋರಿಸಿದ. ಗಾಡಿಯ ಕುಲುಕಿಗೆ ವಕ್ರವಾದ ಒಂದು ಗೆರೆ 'ಒಪ್ಪಿಗೆ ಇದೆ' ಎಂಬ ಸಾಲಿನ ಮೇಲೆ ಹಾದಿತ್ತು. "ಪೋರ್ಟ್ ಬ್ಲೇರ್‌ಗೆ ಬೇರೆ ಯಾರಾದ್ರೂ ಹೋಗ್ಲಿ. ಇದನ್ನು ಹತ್ತಕ್ಕೆ ಕೊಡ್ಬೇಕಿತ್ತು, ಇವತ್ತು ಸ್ವಲ್ಪ ತಡ ಆಗ್ತದೆ."

"ನನ್ನ ಮಾತಿನ್ಯಾಗ ಯಾಕ ಕರದ್ರಿ? ನಿಮ್ಮ ಪುಸ್ತಕ ಏನಾತು?"

"ನಿಮ್ಮ ಮಾತು ನನಗೆ ರೂಢಿ ಆಗಿತ್ತು. ನೀವು ಯಾಕೆ ನನ್ನ ಮಾತು ಹಿಡಿದಿರಿ?"

"ನನಗೂ..." ಎಂದಳು ಅವಳು. ಅವನ ಕೈಯಿಂದ ಕಡ್ಡಿ ಇಸಿದುಕೊಂಡಳು. ಬೆರಳು ತಾಕಿದವು. ಇಬ್ಬರೂ ಬಿಡಿಸಿಕೊಳ್ಳಲಿಲ್ಲ.

"ಇನ್ ಮ್ಯಾಲೆ ಅಪ್ ಅಂದ್ರ ಯಾವುದ್ರೀ?" ಎಂದು ಕೇಳಿದ ಅವನು, ಅವಳದೇ ಬಿಜಾಪುರದ ದನಿಯಲ್ಲಿ.

"ಎರಡೂ ಬೇಡ ಮಾರಾಯ್ರೆ! ಬೆಳಿಗ್ಗೆಯದ್ದು, ಸಂಜೆಯದ್ದು ಅಂತ ಹೇಳಿದ್ರೆ ಸಾಕು," ಎಂದಳು ಅವಳು, ಅವನದೇ ಮಲ್ಪೆಯ ದನಿಯಲ್ಲಿ.

ಇಬ್ಬರೂ ಜೋರಾಗಿ ನಕ್ಕರು. ಎದುರು ಪ್ಲಾಟ್‌ಫಾರ್ಮಿನವರು ತಿರುಗಿ ನೋಡಿದರು. ನೋಡಲಿ!

"ನಡ್ರಿ, ಅಪ್ಪ ಕಾಯಾಕತ್ಯಾರ."

ಮಧ್ವರಾಜ ಒಂದು ಹೆಜ್ಜೆ ಇಟ್ಟು ನಿಂತ. "ಹೆದರಿಕೆ ಆಗ್ತದೆ ನೀಲಾ."

ಅವನು ಮೊದಲ ಸಲ ಅವಳನ್ನು ಹೆಸರು ಹಿಡಿದು ಕರೆದಿದ್ದ. ಅವಳು ಅವನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಸಿಗ್ನಲ್ ಬಿದ್ದದ. ಇನ್ನ ನಿಂದ್ರಬಾರದು."